ಸ್ಟೆಂಟ್ ಹಾಕಿದ ಮೇಲೂ ಮಾತ್ರೆ ಯಾಕೆ?

‘ಬ್ಲಾಕ್ ತೆಗೆದು ಸ್ಟೆಂಟ್ ಹಾಕಿ ಆಯ್ತಲ್ಲ ಉಸ್ತಾದ್, ಇನ್ನು ಮಾತ್ರೆ ಯಾಕೆ?’ ರಮಝಾನ್ ಹತ್ತಿರ ಬಂದಾಗ ಹಲವರು ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ನಮ್ಮ ರಕ್ತನಾಳದ ಗೋಡೆಯೊಳಗೇ ಇದೆ.

ರಕ್ತನಾಳ ಬರೀ ಪೈಪ್ ಅಲ್ಲ, ಅದಕ್ಕೆ ಜೀವ ಇದೆ. ರಕ್ತ ತಾಗುವ ಕಡೆ ತೆಳುವಾದ ಒಳಪದರ. ಅದರ ಹಿಂದೆ ನಯಸ್ನಾಯು ಎಂಬ ಜೀವಕೋಶಗಳು. ನಾಳವನ್ನು ಬಿಗಿ ಮಾಡುವುದು, ಸಡಿಲ ಬಿಡುವುದು ಇವುಗಳ ಕೆಲಸ. ಒಳಪದರ ಆರೋಗ್ಯವಾಗಿದ್ದರೆ ಇವು ಸುಮ್ಮನಿರುತ್ತವೆ, ಸುಲಭಕ್ಕೆ ಬೆಳೆಯುವುದಿಲ್ಲ.

1977ರಲ್ಲಿ ಝೂರಿಚ್‌ನಲ್ಲಿ ಡಾ. ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ನಾಳದೊಳಗೆ ಪುಟ್ಟ ಬಲೂನ್ ಉಬ್ಬಿಸಿ ಬ್ಲಾಕ್ ಬಿಡಿಸಿದರು. ಆದರೆ ಇಂಥ ಚಿಕಿತ್ಸೆಯಾದ ಹಲವರಿಗೆ ಕೆಲವೇ ತಿಂಗಳಲ್ಲಿ ನಾಳ ಪುನಃ ಕಿರಿದಾಗುತ್ತಿತ್ತು. ಬಲೂನ್ ಒತ್ತಿದಾಗ ಒಳಪದರಕ್ಕೆ ಗಾಯವಾಗುತ್ತದೆ. ಅಲ್ಲಿ ಸೇರುವ ಪ್ಲೇಟ್‌ಲೆಟ್‌ಗಳು ಪಿಡಿಜಿಎಫ್ ಎಂಬ ಪ್ರೊಟೀನ್ ಬಿಡುತ್ತವೆ. ಗಾಯ ಮಾಗಿಸಲು ದೇಹ ಮಾಡಿಕೊಂಡ ಏರ್ಪಾಡು ಅದು. ಆದರೆ ಆ ಸಂದೇಶ ಸಿಕ್ಕಿದ ಸ್ನಾಯುಕೋಶಗಳು ಒಳಗೆ ನುಗ್ಗಿ, ಒಂದು ಎರಡಾಗಿ, ಎರಡು ನಾಲ್ಕಾಗಿ ದಾರಿಯನ್ನೇ ಮುಚ್ಚುತ್ತವೆ. 1986ರಲ್ಲಿ ಲೋಹದ ಸ್ಟೆಂಟ್ ಬಂದ ಮೇಲೂ ಅದರ ಕಣ್ಣುಗಳ ನಡುವಿನಿಂದ ಕೋಶಗಳು ಬೆಳೆದು ಬರುತ್ತಿದ್ದವು.

ಪರಿಹಾರ ಸಿಕ್ಕಿದ್ದು ಮಣ್ಣಿನಿಂದ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ರಾಪಾ ನುಯಿ ದ್ವೀಪದ ಮಣ್ಣು ತಂದಿತ್ತು. ಅದರಲ್ಲಿದ್ದ ಬ್ಯಾಕ್ಟೀರಿಯಾದಿಂದ ಭಾರತ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್ ಮತ್ತು ಸಂಗಡಿಗರು ರಾಪಾಮೈಸಿನ್ ಎಂಬ ಔಷಧ ಬೇರ್ಪಡಿಸಿದರು. ಕೋಶಕ್ಕೆ ‘ಬೆಳೆ’ ಎಂದು ಹೇಳುವ ಎಂಟಾರ್ ಎಂಬ ಪ್ರೊಟೀನನ್ನು ಇದು ತಡೆಯುತ್ತದೆ. ಕೋಶ ಸಾಯುವುದಿಲ್ಲ, ಎರಡಾಗುವ ಮೊದಲು ನಿಂತುಬಿಡುತ್ತದೆ. ಈ ಔಷಧ ಲೇಪಿಸಿದ ಸ್ಟೆಂಟ್‌ಗೆ 2003ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈಗ ಹಾಕುವ ಸ್ಟೆಂಟ್‌ಗಳಲ್ಲಿ ಹೆಚ್ಚಿನವು ಇಂಥ ಔಷಧ ಲೇಪಿಸಿದವುಗಳೇ.

ಮಾತ್ರೆಯ ವಿಷಯ ಬರುವುದು ಇಲ್ಲಿಯೇ. ಸ್ನಾಯುಕೋಶವನ್ನು ತಡೆಯುವ ಔಷಧ ಒಳಪದರ ಬೆಳೆಯುವುದನ್ನೂ ನಿಧಾನ ಮಾಡುತ್ತದೆ. ಆ ಪದರ ಲೋಹವನ್ನು ಮುಚ್ಚುವವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ. ಹೆಪ್ಪುಗಟ್ಟಿದರೆ ಒಮ್ಮೆಲೇ ಹೃದಯಾಘಾತ. ಅದಕ್ಕೇ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್‌ನಂಥ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ 6ರಿಂದ 12 ತಿಂಗಳು ಕೊಡುತ್ತಾರೆ. ಎಷ್ಟು ಕಾಲ ಎಂಬುದನ್ನು ಹೃದಯದ ಡಾಕ್ಟರೇ ಹೇಳಬೇಕು. ಹಲ್ಲು ಕೀಳಿಸುವಾಗಲೂ ಅವರನ್ನು ಕೇಳದೆ ಮಾತ್ರೆ ಬಿಡಬಾರದು.

ಇನ್ನು ನೋಂಬಿನ ವಿಷಯ. ದಿನಕ್ಕೆ ಒಂದೆರಡು ಸಲದ ಮಾತ್ರೆಯಾದರೆ ಇಫ್ತಾರ್, ಸಹರಿಯ ಹೊತ್ತಿಗೆ ಹೊಂದಿಸಿಕೊಳ್ಳಬಹುದೇನೋ. ರಮಝಾನ್‌ಗೆ ಮೊದಲೇ ಡಾಕ್ಟರ್ ಹತ್ತಿರ ಕೇಳಿ. ನೋಂಬು ಹಿಡಿದರೆ ಅಪಾಯ ಎಂದು ಅವರು ಹೇಳಿದರೆ ಹಿಡಿಯಬೇಡಿ. ರೋಗಿಗೆ ರಿಯಾಯಿತಿ ಕೊಟ್ಟದ್ದು ಅಲ್ಲಾಹನೇ. ಅಲ್ ಬಖರ ಸೂರಾದಲ್ಲಿ ಅದು ಸ್ಪಷ್ಟವಿದೆ. ಗುಣವಾದ ಮೇಲೆ ಖಳಾ ವೀಟಬಹುದು. ಗುಣವಾಗುವ ನಿರೀಕ್ಷೆಯೇ ಇಲ್ಲದಿದ್ದರೆ ನಮ್ಮ ಶಾಫಿಈ ಮದ್ಹಬ್ ಪ್ರಕಾರ ಒಂದು ನೋಂಬಿಗೆ ಒಂದು ಮುದ್ದ್ ಆಹಾರಧಾನ್ಯ ಬಡವರಿಗೆ ಕೊಟ್ಟರಾಯಿತು.

ಮನೆಯ ಹಿರಿಯರು ಮಾತ್ರೆ ತಗೊಂಡರೋ ಇಲ್ಲವೋ ಎಂದು ಮಕ್ಕಳು ದಿನಾ ವಿಚಾರಿಸಬೇಕು. ಅದೂ ತಂದೆ ತಾಯಿಯ ಖಿದ್ಮತ್ತೇ.