ಪಂಪ್‌ಶೆಡ್ಡಿನ ಇಂಗ್ಲಿಷೂ ಆಸ್ಪತ್ರೆಯ ಇಂಗ್ಲಿಷೂ

ಎರಡು ವರ್ಷಗಳ ಹಿಂದೆ, ಅಕ್ಟೋಬರ್ ತಿಂಗಳ ಕೊನೆಯಲ್ಲಿ, ನಮ್ಮ ಸಂಘದ ಸದಸ್ಯರೊಬ್ಬರ ಕಾಫಿ ತೋಟದಲ್ಲಿ ಬಿಳಿ ಕಾಂಡಕೊರಕದ ಹತೋಟಿಗೆಂದು ಅರೇಬಿಕಾ ಗಿಡಗಳ ಕಾಂಡಕ್ಕೆ ಕ್ಲೋರ್‌ಪೈರಿಫಾಸ್ ಸಿಂಪಡಿಸುತ್ತಿದ್ದರು. ಕೆಲಸಕ್ಕಿದ್ದವರು ಕಲಬುರಗಿ ಜಿಲ್ಲೆ ಜೇವರ್ಗಿ ತಾಲೂಕಿನ ನೆಲೋಗಿಯಿಂದ ಬಂದ ನಾಲ್ಕು ಮಂದಿ. ಮಧ್ಯಾಹ್ನದ ಹೊತ್ತಿಗೆ ಅವರಲ್ಲೊಬ್ಬನಿಗೆ ತಲೆ ಸುತ್ತಿ ವಾಂತಿಯಾಯಿತು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಾಲು ನೆಟ್ಟಗೆ ನಿಲ್ಲಲೊಲ್ಲದು. ಜೀಪಿನಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ದೆವು. ಏನಾಯಿತೆಂದು ನರ್ಸಮ್ಮ ಕೇಳಿದಾಗ ಜೊತೆಗಾರ ಹೇಳಿದ: "ಇವ ಮುಂಜಾನಿಂದ ಎಣ್ಣಿ ಹೊಡಿಲಾಕತ್ತಿದ್ದ ರೀ."

ಬೆಳಗಿನಿಂದಲೇ ಎಣ್ಣೆ ಹೊಡೆದಿದ್ದಾನೆ ಎಂದರೆ ನಮ್ಮ ಕಡೆಯ ಕಿವಿಗೆ ಒಂದೇ ಅರ್ಥ. ತೂರಾಡುತ್ತಿದ್ದ ಆಳನ್ನು ಬೆಂಚಿನ ಮೇಲೆ ಮಲಗಿಸಿ, ಅಮಲು ಇಳಿಯಲಿ ಎಂದು ಬಿಟ್ಟರು. ಅಷ್ಟರಲ್ಲಿ ತೋಟದ ರೈಟರು ಇನ್ನೊಂದು ಗಾಡಿಯಲ್ಲಿ ಡಬ್ಬಿ ಸಮೇತ ಬಂದು "ಸ್ಪ್ರೇ ಮಾಡುತ್ತಿದ್ದ ಡಾಕ್ಟ್ರೇ, ಸ್ಪ್ರೇಯರ್ ಲೀಕ್ ಇತ್ತು" ಎಂದರು. ಡಾಕ್ಟರು ಲೇಬಲ್ ಓದಿ, ಟಾರ್ಚು ಹಾಕಿ ಕಣ್ಣು ನೋಡಿದರು. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ಕೂಡಲೇ ಅಟ್ರೋಪಿನ್ ಇಂಜೆಕ್ಷನ್ ಆರಂಭವಾಯಿತು. ಆತ ಬದುಕಿದ.

ನೆಲೋಗಿಯ ಕಡೆ ತೊಗರಿಗೆ, ಹತ್ತಿಗೆ ಕೀಟನಾಶಕ ಸಿಂಪಡಿಸುವುದನ್ನು 'ಎಣ್ಣಿ ಹೊಡೆಯೋದು' ಎನ್ನುತ್ತಾರೆ. ಜೊತೆಗಾರ ಆಡಿದ್ದು ತಪ್ಪು ಮಾತಲ್ಲ, ಅವನ ಊರಿನ ಸರಿಯಾದ ಮಾತು. ನಾವು 'ಔಷಧಿ ಹೊಡೆಯುವುದು' ಎನ್ನುತ್ತೇವೆ; ಪುತ್ತೂರು, ಸುಳ್ಯ, ಕಾಸರಗೋಡಿನವರು 'ಮದ್ದು ಬಿಡುವುದು' ಎನ್ನುತ್ತಾರೆ. ಯೋಚಿಸಿದರೆ ನಮ್ಮ ಮಾತೇನೂ ಹೆಚ್ಚು ಕ್ಷೇಮದ್ದಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವೂ ಔಷಧಿ, ಕಾಂಡಕೊರಕಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸೂ ಔಷಧಿ, ಡಾಕ್ಟರು ಕೊಡುವ ಗುಳಿಗೆಯೂ ಔಷಧಿ. ಮೈಲುತುತ್ತದ ವಿಷಕ್ಕೆ ಅಟ್ರೋಪಿನ್ ಮಾರುಮದ್ದಲ್ಲ. ಆ ದಿನ ಮೂರು ಬಗೆಯ ಕನ್ನಡಿಗರಿಗೂ ಒಟ್ಟಿಗೆ ಅರ್ಥವಾದ ಶಬ್ದಗಳು 'ಸ್ಪ್ರೇಯರ್' ಮತ್ತು 'ಲೀಕ್'. ಈಚೆಗೆ ತೋಟಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬರುವವರಿಗೂ ಅವೇ ಅರ್ಥವಾಗುವುದು.

ಇಂಗ್ಲಿಷಿನ ಮೇಲೆ ನಮಗೆ ಅಂಥ ಮೋಹವೇನೂ ಇಲ್ಲ. ಆದರೆ ಯಂತ್ರಗಳ ಹೆಸರಿನ ವಿಷಯದಲ್ಲಿ ನಡೆದುದನ್ನು ನೋಡಬೇಕು. 1948ರವರೆಗೆ ನೆಲೋಗಿ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದಿನಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲೇ ಕಲಿಸಿದರು, ಪಾರಿಭಾಷಿಕ ಪದಗಳನ್ನು ಕಟ್ಟಲು ಒಂದು ಅನುವಾದ ಶಾಖೆಯನ್ನೇ ತೆರೆದಿದ್ದರು. ಥರ್ಮಾಮೀಟರಿಗೆ ಉರ್ದುವಿನಲ್ಲಿ 'ಮಿಕ್ಯಾಸ್-ಉಲ್-ಹರಾರತ್' ಎಂದು ಹೆಸರು. ಇತ್ತ ನಮ್ಮ ಪಠ್ಯಪುಸ್ತಕಗಳು 'ಉಷ್ಣಮಾಪಕ' ಎಂದವು. ಜನ ಎರಡನ್ನೂ ಎತ್ತಿಕೊಳ್ಳಲಿಲ್ಲ. ನೆಲೋಗಿಯವರು ಆಸ್ಪತ್ರೆಗೆ ಇಂದಿಗೂ 'ದವಾಖಾನಿ' ಎನ್ನುತ್ತಾರೆ, ಆದರೆ ಆ ದವಾಖಾನಿಯೊಳಗೆ ಜ್ವರ ನೋಡುವುದು ಥರ್ಮಾಮೀಟರಿನಿಂದಲೇ. ನಮ್ಮಲ್ಲೂ ಅಷ್ಟೆ. ಕಟ್ಟಡದ ಹೆಸರು ಊರಿಂದೂರಿಗೆ ಬೇರೆಯಾಯಿತು, ಉಪಕರಣದ ಹೆಸರು ಒಂದೇ ಉಳಿಯಿತು. (ತೋಟದಲ್ಲಿ ಇದಕ್ಕೆ ಎದುರಾಗಿ ನಿಂತದ್ದು ನಮ್ಮ 'ದೋಟಿ' ಒಂದೇ ಇರಬೇಕು. ಬಿದಿರು ಹೋಗಿ ಕಾರ್ಬನ್ ಫೈಬರ್ ಬಂದರೂ ದೋಟಿ ದೋಟಿಯೇ.)

ಬೆಳೆಗಾರರಿಗೆ ಇದರಲ್ಲಿ ಒಂದು ಅನುಕೂಲವಿದೆ. ಆಸ್ಪತ್ರೆಯ ಯಂತ್ರಗಳ ಇಂಗ್ಲಿಷಿನಲ್ಲಿ ಅರ್ಧಕ್ಕರ್ಧ ನಮ್ಮ ಪಂಪ್‌ಶೆಡ್ಡಿನ ಇಂಗ್ಲಿಷೇ ಆಗಿದೆ. ಪಂಪು, ವಾಲ್ವು, ಪ್ರೆಷರ್, ಗೇಜು, ರೆಗ್ಯುಲೇಟರ್, ಸಿಲಿಂಡರ್, ಫಿಲ್ಟರ್, ನಾಝಲ್: ಇವು ನಮಗೆ ಕೈಬಳಕೆಯ ಮಾತುಗಳು.

ವಾಲ್ವನ್ನೇ ತೆಗೆದುಕೊಳ್ಳಿ. ಹೊಳೆಯಿಂದಲೋ ಬಾವಿಯಿಂದಲೋ ನೀರೆತ್ತುವ ಪಂಪಿನ ಸಕ್ಷನ್ ಪೈಪಿನ ತುದಿಗೆ ಫುಟ್‌ವಾಲ್ವ್ ಇರುತ್ತದೆ; ನಮ್ಮಲ್ಲಿ ಕೆಲವರ ಬಾಯಲ್ಲಿ ಅದು 'ಫುಟ್‌ಬಾಲ್' ಆಗಿದೆ. ಅದರ ಕೆಲಸ ನೀರನ್ನು ಮೇಲಕ್ಕೆ ಬಿಡುವುದು, ಕೆಳಕ್ಕೆ ಬಿಡದಿರುವುದು. ಅದರೊಳಗೆ ಕಸ ಸಿಕ್ಕಿದರೆ ರಾತ್ರಿಯೆಲ್ಲ ನೀರು ಹಿಂದಕ್ಕೆ ಇಳಿದು, ಬೆಳಗ್ಗೆ ಮತ್ತೆ ಪೈಪಿಗೆ ನೀರು ತುಂಬಿಸದೆ ಪಂಪು ಎಳೆಯದು. ಹೃದಯದಲ್ಲಿ ಇಂಥ ವಾಲ್ವುಗಳು ನಾಲ್ಕಿವೆ. ದೊಡ್ಡವರ ಹೃದಯ ವಿಶ್ರಾಂತಿಯಲ್ಲಿದ್ದಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ನೂಕುತ್ತದೆ. ಅದು ಹಿಂದಕ್ಕೆ ಬಾರದಂತೆ ನೋಡಿಕೊಳ್ಳುವುದು ಈ ವಾಲ್ವುಗಳು. ಡಾಕ್ಟರು 'ವಾಲ್ವ್ ಲೀಕ್ ಇದೆ' ಎಂದರೆ ಕಸ ಸಿಕ್ಕಿದ ಫುಟ್‌ವಾಲ್ವಿನ ಕತೆ: ಒಂದಷ್ಟು ರಕ್ತ ಹಿಂದಕ್ಕೆ ಬರುತ್ತಿದೆ, ಅದನ್ನೇ ಮತ್ತೆ ನೂಕಬೇಕಾಗಿ ಹೃದಯ ದಣಿಯುತ್ತಿದೆ. 'ವಾಲ್ವ್ ಬ್ಲಾಕ್' ಎಂದರೆ ಬಾಗಿಲು ಪೂರ್ತಿ ತೆರೆಯುತ್ತಿಲ್ಲ. ಎರಡೂ ಬೇರೆ ಬೇರೆ ತೊಂದರೆ. ಮನೆಗೆ ಬಂದು 'ಹಾರ್ಟ್ ಪ್ರಾಬ್ಲಂ ಅಂತೆ' ಎಂದು ಎರಡನ್ನೂ ಒಂದೇ ಚೀಲಕ್ಕೆ ಹಾಕಬಾರದು. ಅಂದಹಾಗೆ ವಾಲ್ವ್ ಎಂಬುದು ಲ್ಯಾಟಿನ್ನಿನ 'ವಾಲ್ವಾ' ಶಬ್ದದಿಂದ ಬಂದದ್ದು, ಬಾಗಿಲ ರೆಕ್ಕೆ ಎಂದರ್ಥ. ನಮ್ಮ ಪುಸ್ತಕಗಳು ಬಳಸುವ 'ಕವಾಟ'ಕ್ಕೂ ಅದೇ ಅರ್ಥ. ಪದ ಕಟ್ಟಿದವರು ಯೋಚಿಸಿಯೇ ಕಟ್ಟಿದ್ದಾರೆ.

ಪ್ರೆಷರಿನ ಮಾತೂ ಇಂಥದೇ. 'ನನಗೆ ಬಿಪಿ ಇದೆ' ಎನ್ನುವವರು ಬಹಳ. ಬಿಪಿ ಎಂದರೆ ಬ್ಲಡ್ ಪ್ರೆಷರ್, ಅಂದರೆ ರಕ್ತದ ಒತ್ತಡ. ಅದು ಇಲ್ಲದಿದ್ದರೆ ಮನುಷ್ಯನೇ ಇಲ್ಲ. ಹೇಳಬೇಕಾದ್ದು 'ಬಿಪಿ ಹೆಚ್ಚು' ಎಂದೋ 'ಕಡಿಮೆ' ಎಂದೋ. ತೋಳಿಗೆ ಸುತ್ತುವ ಪಟ್ಟಿ 'ಕಫ್', ಕೈಯಲ್ಲಿ ಒತ್ತುವ ರಬ್ಬರು 'ಬಲ್ಬ್', ಗಾಳಿ ಬಿಡುವ ತಿರುಪು ಮತ್ತೆ ನಮ್ಮ ವಾಲ್ವ್. ಪಟ್ಟಿ ಸುತ್ತಿ ಅಳೆಯುವ ಈ ಕ್ರಮವನ್ನು 1896ರಲ್ಲಿ ಇಟಲಿಯ ರೀವಾ-ರೋಚ್ಚಿ ರೂಢಿಗೆ ತಂದರು. ಸ್ಟೆತಾಸ್ಕೋಪ್ ಇಟ್ಟು ಸದ್ದು ಆಲಿಸಿ ಮೇಲಿನ, ಕೆಳಗಿನ ಎರಡೂ ಅಂಕಿ ಹಿಡಿಯುವುದನ್ನು 1905ರಲ್ಲಿ ರಷ್ಯದ ಕೊರೊಟ್ಕಾಫ್ ತೋರಿಸಿದರು. 120 ಎಂಬ ಮೇಲಿನ ಅಂಕಿ ಪಾದರಸದ ಮಿಲಿಮೀಟರ್ ಲೆಕ್ಕ. ಗಾಳಿ ಹೊಡೆಯುವ ಅಂಗಡಿಯ ಗೇಜಿನ ಲೆಕ್ಕಕ್ಕೆ ಇಳಿಸಿದರೆ ಅದು ಸುಮಾರು 2.3 ಪೌಂಡು ಮಾತ್ರ. ಜೀಪಿನ ಚಕ್ರಕ್ಕೆ 30ರ ಆಸುಪಾಸು ಹೊಡೆಸುತ್ತೇವೆ.

ಉಬ್ಬಸದ ಮಕ್ಕಳಿಗೆ ಮುಖಕ್ಕೆ ಮಾಸ್ಕ್ ಹಾಕಿ ಕೊಡುವ ಯಂತ್ರ ನೆಬ್ಯುಲೈಜರ್. 'ನೆಬ್ಯುಲ' ಎಂದರೆ ಲ್ಯಾಟಿನ್ನಿನಲ್ಲಿ ಮಂಜು, ಮೋಡ. ಪುಟ್ಟ ಕಂಪ್ರೆಸರಿನಿಂದ ರಭಸವಾಗಿ ಬರುವ ಗಾಳಿ ಒಂದು ಸಣ್ಣ ತೂತಿನಲ್ಲಿ ಹಾಯುವಾಗ ದ್ರವ ಔಷಧವನ್ನು ಎಳೆದುಕೊಂಡು ಮಂಜಿನಂತೆ ಒಡೆಯುತ್ತದೆ. ತೋಟದಲ್ಲಿ ಮಿಸ್ಟ್ ಬ್ಲೋವರ್ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಲವರು ಇದಕ್ಕೂ 'ಆಕ್ಸಿಜನ್ ಕೊಟ್ಟರು' ಎನ್ನುತ್ತಾರೆ. ಎರಡೂ ಬೇರೆ. ಒಂದು ಔಷಧದ ಮಂಜು, ಇನ್ನೊಂದು ಪ್ರಾಣವಾಯು.

ಆಕ್ಸಿಜನ್ನಿನಲ್ಲಿ ಇನ್ನೊಂದು ಗೊಂದಲವನ್ನು 2021ರ ಕೊರೊನಾ ಎರಡನೇ ಅಲೆಯಲ್ಲಿ ನಾವೇ ಕಂಡೆವು. 'ಆಕ್ಸಿಜನ್ ಮಿಷನ್ ಬೇಕು' ಎಂದು ಪೇಟೆಗೆ ಹೇಳಿ ಕಳುಹಿಸಿದರೆ ಸಿಲಿಂಡರ್ ಕೇಳಿದವರಿಗೆ ಕಾನ್ಸನ್‌ಟ್ರೇಟರ್, ಕಾನ್ಸನ್‌ಟ್ರೇಟರ್ ಕೇಳಿದವರಿಗೆ ಸಿಲಿಂಡರ್ ಬಂದದ್ದುಂಟು. ಸಿಲಿಂಡರಿಗೆ ಕರೆಂಟು ಬೇಡ, ಆದರೆ ಅದು ಮುಗಿಯುತ್ತದೆ. ಮನೆಗಳಿಗೆ ತರುವ ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಅನಿಲ. ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ ಹನ್ನೆರಡೂವರೆ ಗಂಟೆ, 5 ಲೀಟರಿನಂತೆ ಬಿಟ್ಟರೆ ಐದೇ ಗಂಟೆ. ಡ್ರಮ್ಮಿನಲ್ಲಿ ಬೋರ್ಡೋ ಕಲಸಿ ಎಷ್ಟು ಮರಕ್ಕೆ ಸಾಕೆಂದು ಲೆಕ್ಕ ಹಾಕುವ ನಮಗೆ ಈ ಲೆಕ್ಕ ಕಷ್ಟವಲ್ಲ. ಎಷ್ಟು ಹೋಗುತ್ತಿದೆ ಎಂದು ತೋರಿಸುವ, ಒಳಗೆ ಗುಂಡು ತೇಲುವ ಗಾಜಿನಂಥ ಕೊಳವೆಯೇ ಫ್ಲೋಮೀಟರ್. ಕಾನ್ಸನ್‌ಟ್ರೇಟರ್ ಹಾಗಲ್ಲ. ಅದು ಕೋಣೆಯ ಗಾಳಿಯನ್ನೇ ಎಳೆದು, ಝಿಯೋಲೈಟ್ ಎಂಬ ಹರಳಿನ ಪುಡಿಯ ಮೂಲಕ ಹಾಯಿಸಿ, ನೈಟ್ರೋಜನ್ ಹಿಡಿದಿಟ್ಟು ಆಕ್ಸಿಜನ್ ಬಿಡುತ್ತದೆ. ಗಾಳಿ ಮುಗಿಯುವುದಿಲ್ಲ; ಕರೆಂಟು ಹೋದರೆ ಯಂತ್ರ ನಿಂತಿತು. 5 ಲೀಟರಿನ ಯಂತ್ರಕ್ಕೆ ಸಾಮಾನ್ಯವಾಗಿ 300ರಿಂದ 400 ವ್ಯಾಟ್ ಬೇಕು. ಆಷಾಢದ ಮಳೆಯಲ್ಲಿ ದಿನಗಟ್ಟಲೆ ಲೈನು ಬಿದ್ದಿರುವ ನಮ್ಮ ಊರುಗಳಲ್ಲಿ ಯಾವುದನ್ನು ಕೇಳುತ್ತಿದ್ದೇವೆ ಎಂಬುದು ಸಣ್ಣ ಮಾತಲ್ಲ. ಕಾನ್ಸನ್‌ಟ್ರೇಟರ್ ಇರುವ ಮನೆಯಲ್ಲಿ ಒಂದು ತುಂಬಿದ ಸಿಲಿಂಡರೂ ಇರಲಿ.

ಮೈಯೊಳಗೆ ಇಟ್ಟ ವಸ್ತುಗಳ ಹೆಸರಿನಲ್ಲಂತೂ ನಾವು ಬಹಳ ಅಸಡ್ಡೆ. ರಕ್ತನಾಳ ಕಟ್ಟಿದಾಗ ಬಿಡಿಸಿ ಒಳಗಿಡುವ ಲೋಹದ ಬಲೆಯ ಕೊಳವೆ ಸ್ಟೆಂಟ್. 19ನೆಯ ಶತಮಾನದ ಲಂಡನ್ನಿನ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ ಎಂಬವರ ಹೆಸರು ಇದಕ್ಕೆ ನಿಂತಿದೆ ಎನ್ನುತ್ತಾರೆ. ಜನ ಅದನ್ನು 'ಸ್ಪ್ರಿಂಗ್' ಎನ್ನುತ್ತಾರೆ. ಅದೂ ತೀರಾ ತಪ್ಪಲ್ಲ. ಆದರೆ ಹೃದಯದ ಬಡಿತ ತಪ್ಪದಂತೆ ಎದೆಯ ಚರ್ಮದಡಿ ಇಡುವ ಬ್ಯಾಟರಿಯ ಯಂತ್ರ ಪೇಸ್‌ಮೇಕರ್. ಅದಕ್ಕೂ ಸ್ಪ್ರಿಂಗ್, ಇದಕ್ಕೂ 'ಮಿಷನ್' ಎಂದರೆ ಅನಾಹುತವಾದೀತು. ಎಂ.ಆರ್.ಐ. ಯಂತ್ರ ಭಾರೀ ಅಯಸ್ಕಾಂತ. ಕೆಲವು ಪೇಸ್‌ಮೇಕರುಗಳು ಅದಕ್ಕೆ ಒಗ್ಗುತ್ತವೆ, ಕೆಲವು ಒಗ್ಗವು. ಯಾವುದೆಂದು ಹೇಳುವುದು ಆಪರೇಷನ್ನಿನ ನಂತರ ಕೊಡುವ ಚಿಕ್ಕ ಕಾರ್ಡು. ಅದನ್ನು ಪಹಣಿಯ ಜೊತೆ ಟ್ರಂಕಿನಲ್ಲಿಟ್ಟು ಬೀಗ ಹಾಕದೆ ಜೇಬಿನಲ್ಲಿಟ್ಟುಕೊಳ್ಳಬೇಕು. ಪೇಸ್‌ಮೇಕರ್ ಇರುವವರು ಚೈನ್‌ಸಾ, ಕಳೆ ಕೊಚ್ಚುವ ಯಂತ್ರ ಮುಟ್ಟುವ ಮೊದಲು ಡಾಕ್ಟರನ್ನು ಕೇಳಿರಿ. ಎಂಜಿನ್ನಿನ ಕಿಡಿ ಹುಟ್ಟಿಸುವ ಭಾಗ ಎದೆಗೆ ತೀರಾ ಹತ್ತಿರ ಬರುವುದು ಸಲ್ಲದು.

ಉಳಿದ ಹೆಸರುಗಳನ್ನು ಬಾಲ ಹಿಡಿದು ಗುರುತಿಸಬಹುದು. 'ಮೀಟರ್' ಎಂದು ಮುಗಿದರೆ ಅಳೆಯುವುದು: ಕಾಫಿಯ ತೇವ ನೋಡುವ ಮಾಯಿಶ್ಚರ್ ಮೀಟರ್, ಸಕ್ಕರೆ ನೋಡುವ ಗ್ಲೂಕೋಮೀಟರ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. 'ಸ್ಕೋಪ್' ಎಂದರೆ ನೋಡುವುದು, ನಮ್ಮ 'ದರ್ಶಕ'. ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುವುದು ಎಂಡೋಸ್ಕೋಪ್. 1816ರಲ್ಲಿ ಫ್ರಾನ್ಸಿನ ಲೆನೆಕ್ ಕಂಡುಹಿಡಿದ ಸ್ಟೆತಾಸ್ಕೋಪ್ ಮಾತ್ರ ಕೇಳುವ ಕೆಲಸ ಮಾಡುತ್ತ ನೋಡುವ ಹೆಸರು ಇಟ್ಟುಕೊಂಡಿದೆ. 'ಗ್ರಾಂ' ಎಂದರೆ ಗೆರೆಯಲ್ಲೋ ಚಿತ್ರದಲ್ಲೋ ಬರೆದದ್ದು. ಇಸಿಜಿಯ ಕೊನೆಯ 'ಜಿ' ಅದೇ.

ಮತ್ತೆ ಆ ಸ್ಪ್ರೇಯರಿನ ವಿಷಯಕ್ಕೆ ಬರೋಣ. ಅಂದು ಬೆನ್ನಿನ ಪಂಪನ್ನು ಬಿಚ್ಚಿ ನೋಡಿದಾಗ ಮುಚ್ಚಳದ ವಾಷರ್ ಸವೆದಿತ್ತು. ಬೆಳಗಿನಿಂದ ಹನಿ ಹನಿ ಸೋರಿ ಅಂಗಿಯ ಬೆನ್ನು ತೊಯ್ದಿತ್ತು. ಕ್ಲೋರ್‌ಪೈರಿಫಾಸ್ ಜಾತಿಯ ವಿಷ ಕುಡಿದರೆ ಮಾತ್ರವಲ್ಲ, ಚರ್ಮದ ಮೂಲಕವೂ ಒಳಹೋಗುತ್ತದೆ. ಮೊದಲು ಮಾಡಬೇಕಾದ್ದು ತೊಯ್ದ ಬಟ್ಟೆ ತೆಗೆಸಿ ಸೋಪು ನೀರಿನಲ್ಲಿ ಮೈ ತೊಳೆಸುವುದು. ಅದನ್ನು ನಾವು ಅಂದು ಮಾಡದೆ ಜೀಪು ಹತ್ತಿಸಿದ್ದೆವು. ಡಬ್ಬಿಯ ಜೊತೆ ಬರುವ ಕೈಪತ್ರದಲ್ಲಿ ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಮಾರುಮದ್ದು ಅಚ್ಚಾಗಿರಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಅದರಲ್ಲಿ 'ಆಂಟಿಡೋಟ್' ಎಂದು ಬರೆದಿರುವ ಸಾಲೇ ಡಾಕ್ಟರಿಗೆ ಬೇಕಾದ್ದು. 108ಕ್ಕೆ ಫೋನ್ ಮಾಡುವಾಗಲೂ 'ಔಷಧಿ ಹೊಡೆಯುತ್ತಿದ್ದ' ಎನ್ನದೆ 'ಸ್ಪ್ರೇ ಮಾಡುತ್ತಿದ್ದ, ವಿಷ ಮೈಗೆ ತಾಗಿದೆ, ಡಬ್ಬಿಯ ಮೇಲೆ ಇಂಥ ಹೆಸರಿದೆ' ಎಂದು ಹೇಳಿ. ರೋಗಿಯ ಜೊತೆಗೇ ಡಬ್ಬಿಯೂ ಹೋಗಲಿ, ಇನ್ನೊಂದು ಗಾಡಿಯಲ್ಲಲ್ಲ.

ಆ ನೆಲೋಗಿಯ ಆಳು ಐದಾರು ದಿನ ಆಸ್ಪತ್ರೆಯಲ್ಲಿದ್ದು, ಎಳ್ಳಮಾವಾಸ್ಯೆಗೆ ಊರಿಗೆ ಹೋಗಿ ಹೊಲದಲ್ಲಿ ಚರಗ ಚೆಲ್ಲಿ, ಗಂಟು ತುಂಬ ಸಜ್ಜೆ ರೊಟ್ಟಿ ಕಟ್ಟಿಕೊಂಡು ಮತ್ತೆ ತೋಟಕ್ಕೆ ಬಂದ. ಈಗಲೂ 'ಎಣ್ಣಿ' ಎಂದೇ ಹೇಳುತ್ತಾನೆ. ಆದರೆ ಪಂಪು ಬೆನ್ನಿಗೇರಿಸುವ ಮೊದಲು ರೈಟರನ್ನು ಕರೆದು "ವಾಷರ್ ನೋಡ್ರಿ" ಎನ್ನದೆ ಬಿಡುವುದಿಲ್ಲ.