ಮೂರು ದಿನದ ಬಿಡುವಿನಲ್ಲಿ ಘಟ್ಟದ ರೈಲು

"ನಮ್ಮೂರಿಗೆ ರೈಲೇ ಇಲ್ಲ. ಇನ್ನು ರೈಲಲ್ಲಿ ಕೂತು ಘಟ್ಟ ನೋಡೋ ಮಾತು ಎಲ್ಲಿಂದ ಬಂತು ಮಾರಾಯ್ತಿ?" ಸೊರಬದ ಗೃಹಿಣಿಯರು ಹೀಗನ್ನುತ್ತಾರೆ. ಶಿಕಾರಿಪುರದವರೂ ಹೀಗೇ ಅನ್ನುತ್ತಾರೆ. ಮಾತು ಸುಳ್ಳೇನಲ್ಲ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ಹೊಸ ಮಾರ್ಗಕ್ಕೆ 2023ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಗಾಡಿ ಬರುವ ದಿನ ಬರಲಿ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಸೊರಬಕ್ಕೆ ಸಾಗರದ ಸ್ಟೇಷನ್ ಸುಮಾರು 30 ಕಿಲೋಮೀಟರ್, ಶಿಕಾರಿಪುರಕ್ಕೆ ಶಿವಮೊಗ್ಗ 50 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಅಷ್ಟು ದೂರ ಬಸ್ಸಿನಲ್ಲಿ ಹೋಗಿಬಿಟ್ಟರೆ ಮುಂದಿನದು ರೈಲಿನ ದಾರಿಯೇ.

ಇಂಥ ಊರಿನ ಗೃಹಿಣಿಗೆ ಸಿಗುವ ಬಿಡುವಾದರೂ ಎಷ್ಟು? ಅತ್ತೆಯವರ ಮಾತ್ರೆ, ಕೊಟ್ಟಿಗೆಯ ಹಸು, ಮಕ್ಕಳ ಶಾಲೆ ಎಲ್ಲವನ್ನೂ ಯಾರಿಗಾದರೂ ವಹಿಸಿ ಹೊರಟರೆ ಮೂರು ದಿನ, ಎರಡು ರಾತ್ರಿ. ಆ ಮೂರು ದಿನಕ್ಕೆ ಮನೆಯವರು ಹಾಕಿಕೊಡುವ ಪಟ್ಟಿ ನೋಡಬೇಕು! ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ. "ದಾರೀಲೇ ಇದೆಯಲ್ಲ" ಎಂದು ಬೇಲೂರು, ಹಳೇಬೀಡು. ವ್ಯಾನಿನಲ್ಲಿ ಹೊಟ್ಟೆ ತೊಳಸಿಕೊಂಡು, ಸರತಿಯಲ್ಲಿ ನಿಂತು ಕಾಲು ಊದಿಸಿಕೊಂಡು ಮನೆಗೆ ಬಂದ ಮೇಲೆ ಏನು ನೋಡಿದಿರಿ ಎಂದು ಕೇಳಿದರೆ, ನೆನಪಾಗುವುದು ಚಪ್ಪಲಿ ಬಿಟ್ಟ ಜಾಗ ಮಾತ್ರ.

ಆದ್ದರಿಂದ ನನ್ನ ಸಲಹೆ ಇಷ್ಟೆ. ಒಂದೇ ಒಂದನ್ನು ಆರಿಸಿಕೊಳ್ಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನವರೆಗಿನ ಘಟ್ಟದ ರೈಲನ್ನು ನಡುವಿನ ದಿನದ ಹಗಲಿಗೆ ಇಟ್ಟುಕೊಳ್ಳಿ. ಉಳಿದದ್ದೆಲ್ಲ ಅದರ ಹಿಂದೆ ಮುಂದೆ ಹೊಂದಿಕೊಳ್ಳಲಿ, ಹೊಂದದಿದ್ದರೆ ಬಿಟ್ಟುಹೋಗಲಿ.

ಈ ದಾರಿ ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗಗಳು, 109 ಸೇತುವೆಗಳು. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಂಥ ಇಳಿಜಾರು. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಮೀಟರ್ ಗೇಜಾಗಿ ಪೂರ್ತಿಯಾಯಿತು. 1996ರಲ್ಲಿ ಗೇಜ್ ಬದಲಾವಣೆಗೆಂದು ನಿಂತದ್ದು, ಮತ್ತೆ ಪ್ರಯಾಣಿಕರ ಗಾಡಿ ಓಡುವ ಹೊತ್ತಿಗೆ 2007 ಬಂದಿತ್ತು. "ಮಲೆನಾಡಿನವರಿಗೆ ಘಟ್ಟವೇನು ಹೊಸತೇ?" ಎಂದು ನೀವು ಕೇಳಬಹುದು. ಬಸ್ಸಿನ ಘಟ್ಟವೇ ಬೇರೆ, ಅಲ್ಲಿ ತಿರುವು ಬಂದಾಗಲೆಲ್ಲ ನಾವು ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತಿರುತ್ತೇವೆ. ರೈಲು ತಲೆ ಸುತ್ತಿಸುವುದಿಲ್ಲ. ಅದು ಹೋಗುವ ಎಡಕುಮೇರಿಯಂಥ ಕಡೆಗೆ ವಾಹನದ ರಸ್ತೆಯೇ ಇಲ್ಲ, ಕಾಡಿನ ನಡುವೆ ಸ್ಟೇಷನ್ ಮಾತ್ರ ಇದೆ.

ಈಗ ಬಹಳ ಮುಖ್ಯವಾದ ಮಾತು. ಈ ದಾರಿಯಲ್ಲಿ ರಾತ್ರಿ ಗಾಡಿಗಳೂ ಓಡುತ್ತವೆ. "ರಾತ್ರಿ ಮಲಗಿದರೆ ಬೆಳಗ್ಗೆ ಸುಬ್ರಹ್ಮಣ್ಯ, ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಯಿತು" ಎಂದು ಗಂಡಸರು ಲೆಕ್ಕ ಹಾಕುತ್ತಾರೆ. ಬಾಡಿಗೆ ಉಳಿಯುತ್ತದೆ, ಘಟ್ಟವೆಲ್ಲ ಕತ್ತಲಲ್ಲಿ ಕಳೆದುಹೋಗುತ್ತದೆ. ಯಶವಂತಪುರದಿಂದ ಬೆಳಗ್ಗೆ ಹೊರಟು ಹಾಸನದ ಮೇಲೆ ಕರಾವಳಿಗೆ ಇಳಿಯುವ ಹಗಲು ಗಾಡಿಯನ್ನೇ ಹಿಡಿಯಬೇಕು. ಅದು ಎಲ್ಲ ದಿನವೂ ಒಂದೇ ಹೆಸರಿನ, ಒಂದೇ ಗಾಡಿಯಲ್ಲ. ವೇಳೆಯೂ ವಾರವೂ ಆಗಾಗ ಬದಲಾಗುತ್ತವೆ. 2025ರಲ್ಲಿ ವಿದ್ಯುತ್ ಮಾರ್ಗದ ಕೆಲಸಕ್ಕಾಗಿ ಹಗಲು ಗಾಡಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದೂ ಉಂಟು. ಆದ್ದರಿಂದ ಮೊದಲು ಗಾಡಿ ಓಡುವ ದಿನ ವಿಚಾರಿಸಿ, ಆಮೇಲೆ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುಗುಮುರುಗು.

ಮೊದಲನೆಯ ದಿನದ ಕೆಲಸ ಹಾಸನ ಸೇರುವುದಷ್ಟೆ. ತಾಳಗುಪ್ಪದಿಂದ ಮೈಸೂರಿಗೆ ಹೋಗುವ ಗಾಡಿಗಳು ಸಾಗರ, ಶಿವಮೊಗ್ಗ, ಭದ್ರಾವತಿ, ಬೀರೂರು, ಅರಸೀಕೆರೆಯ ಮೇಲೆ ಹಾಸನಕ್ಕೆ ಬರುತ್ತವೆ. ಸೊರಬದವರು ಸಾಗರದಲ್ಲಿ, ಶಿಕಾರಿಪುರದವರು ಶಿವಮೊಗ್ಗದಲ್ಲಿ ಹತ್ತಿದರಾಯಿತು. ಒಂದು ಎಚ್ಚರಿಕೆ: ಮೈಸೂರಿಗೇ ಹೋಗುವ ರಾತ್ರಿಯ ಗಾಡಿಯೊಂದು ಬೆಂಗಳೂರಿನ ಮೇಲೆ ಸುತ್ತಿ ಹೋಗುತ್ತದೆ. "ಹಾಸನದ ಮೇಲೆ ಹೋಗತ್ತಾ?" ಎಂದು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಸಾಗರದಲ್ಲಿ ಹತ್ತಿದವರಿಗೆ ದಾರಿಯಲ್ಲೊಂದು ಲಾಭ ಇದೆ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಲ್ಗುಡಿಯ ಸ್ಟೇಷನ್ ಆಗಿದ್ದ ಅರಸಾಳು ಕಿಟಕಿಯಿಂದಲೇ ಕಾಣುತ್ತದೆ. ಅಲ್ಲಿಯ ಹಳೆಯ ಕಟ್ಟಡವನ್ನು 2020ರಲ್ಲಿ ಪುಟ್ಟ ಮ್ಯೂಸಿಯಂ ಮಾಡಿದ್ದಾರೆ.

ಹಾಸನದಲ್ಲಿ ಸ್ಟೇಷನ್ನಿಗೆ ಹತ್ತಿರದಲ್ಲೇ ಉಳಿದುಕೊಳ್ಳಿ. ಬೇಲೂರಿಗೆ ಹೋಗಿಬರೋಣ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಚನ್ನಕೇಶವ ಎಲ್ಲಿಗೂ ಹೋಗುವುದಿಲ್ಲ, ಗಾಡಿ ಹೋಗುತ್ತದೆ.

ಎರಡನೆಯ ದಿನ ಸಕಲೇಶಪುರ ದಾಟಿದ ಮೇಲೆ ದೋಣಿಗಾಲ್ ಬಂದಿತೆಂದರೆ ಡಬ್ಬಿ ಮುಚ್ಚಿಡಿ. ಅಲ್ಲಿಂದ ಮುಂದೆ ತಿನ್ನುವ ಹೊತ್ತಲ್ಲ. ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂದು ಗಾಡಿ ಮೆಲ್ಲಗೆ ಇಳಿಯುತ್ತದೆ. ಸುರಂಗದಲ್ಲಿ ಮಕ್ಕಳೆಲ್ಲ ಕೂಗು ಹಾಕುತ್ತಾರೆ, ದೊಡ್ಡವರೂ ಕೂಗುವುದುಂಟು. ಹೊರಗೆ ಬಂದೊಡನೆ ಕಾಲಡಿಯಲ್ಲಿ ಸೇತುವೆ, ಅದರ ಕೆಳಗೆ ಹಳ್ಳ. ಈ ಮಗ್ಗುಲಲ್ಲಿ ಬಂಡೆ, ಆ ಮಗ್ಗುಲಲ್ಲಿ ಕಣಿವೆ. ಸ್ವಲ್ಪ ಹೊತ್ತಿಗೆ ಅದು ಅದಲುಬದಲು. ಹಾಗಾಗಿ ಯಾವ ಕಡೆಯ ಸೀಟು ಒಳ್ಳೆಯದೆಂದು ಜಗಳವಾಡುವ ಕಾರಣವಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದ್ದವರು ಎರಡೂವರೆ, ಮೂರು ಗಂಟೆಯಲ್ಲಿ ನೂರು ಚಿಲ್ಲರೆ ಮೀಟರಿಗೆ ಬಂದಿರುತ್ತೀರಿ. ಹೊದ್ದ ಶಾಲು ತಾನಾಗಿಯೇ ಮಡಿಲಿಗೆ ಇಳಿಯುತ್ತದೆ. ಬಾಗಿಲಲ್ಲಿ ಮಾತ್ರ ಯಾರನ್ನೂ ನಿಲ್ಲಗೊಡಬೇಡಿ, ಫೋಟೋ ಹುಚ್ಚಿನ ಮಗನನ್ನಂತೂ ಖಂಡಿತ ಬೇಡ. ಹಳಿಯ ಮೇಲೆ ನಡೆದುಹೋಗುವ ಚಾರಣವೂ ಒಂದು ಕಾಲಕ್ಕೆ ಹೆಸರಾಗಿತ್ತು, ಈಗ ಅದು ನಿಷಿದ್ಧ.

2021ರ ಜುಲೈಯಿಂದ ಈ ಮಾರ್ಗದಲ್ಲಿ ಗಾಜಿನ ಚಾವಣಿಯ 'ವಿಸ್ಟಾಡೋಮ್' ಬೋಗಿಗಳು ಬಂದಿವೆ. 44 ಸೀಟು, ತಿರುಗುವ ಕುರ್ಚಿ, ತಂಪಿನ ವ್ಯವಸ್ಥೆ. ದರ ಸಾಮಾನ್ಯ ಸೀಟಿನ ಹಲವು ಪಟ್ಟು. ಮಂಡಿನೋವಿನ ಹಿರಿಯರಿದ್ದರೆ ಅನುಕೂಲವೇ. ನನ್ನನ್ನು ಕೇಳಿದರೆ ಸಾದಾ ಬೋಗಿಯ ತೆರೆದ ಕಿಟಕಿಯೇ ಮೇಲು. ಒದ್ದೆ ಮಣ್ಣಿನ ವಾಸನೆ, ಝರಿಯ ಸದ್ದು ಗಾಜು ದಾಟಿ ಒಳಗೆ ಬರುವುದಿಲ್ಲ.

ಮಗನೋ ಮಗಳೋ ಜರ್ಮನಿಯ ಕಡೆ ಕೆಲಸದಲ್ಲಿದ್ದು, "ಅಮ್ಮ, ಆಲ್ಪ್ಸ್ ತೋರಿಸ್ತೀನಿ ಬಾ" ಎಂದು ಕರೆಸಿಕೊಳ್ಳುವ ಕಾಲ ಇದು. ಅಲ್ಲಿಯೂ ಲೆಕ್ಕ ಇದೇ. ಸ್ವಿಟ್ಸರ್‌ಲೆಂಡಿನ ಸೇಂಟ್ ಮೊರಿಟ್ಸ್‌ನಿಂದ ಇಟಲಿಯ ತಿರಾನೊವರೆಗಿನ ಬೆರ್ನಿನಾ ರೈಲು ಸುಮಾರು 60 ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಘಟ್ಟದಷ್ಟೇ ಉದ್ದ, ಅಷ್ಟೇ ಹೊತ್ತು. 2253 ಮೀಟರ್ ಎತ್ತರಕ್ಕೆ ಏರಿ 429 ಮೀಟರಿಗೆ ಇಳಿಯುತ್ತದೆ. 1912ರಲ್ಲಿ ಪೂರ್ತಿಯಾದ ಯುಂಗ್‌ಫ್ರಾವ್ ರೈಲು 3454 ಮೀಟರಿನ ಹಿಮದ ನಿಲ್ದಾಣಕ್ಕೆ ಒಯ್ಯುತ್ತದೆ, ಆದರೆ ಅದರ ದಾರಿಯ ಬಹುಪಾಲು ಸುರಂಗದೊಳಗೇ. ಎರಡೇ ದಿನ ಸಮಯವಿದ್ದರೆ ಎರಡನ್ನೂ ಬಾಚಿಕೊಳ್ಳಲು ಹೋಗದೆ, ಕಿಟಕಿಯಿಂದ ನೋಡುವುದು ಬೇಕೋ, ಹಿಮ ಮುಟ್ಟುವುದು ಬೇಕೋ ಎಂದು ಕೇಳಿಕೊಂಡು ಒಂದನ್ನು ಹಿಡಿಯಬೇಕು.

ಮತ್ತೆ ನಮ್ಮ ಘಟ್ಟಕ್ಕೆ ಬರೋಣ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವುದು ನೆಟ್ಟಣದಲ್ಲಿ. ಕುಕ್ಕೆ ದೇವಸ್ಥಾನ ಅಲ್ಲಿಂದ ಸುಮಾರು 12 ಕಿಲೋಮೀಟರ್. ಮಧ್ಯಾಹ್ನ ಇಳಿದರೆ ಸಂಜೆಯ ದರ್ಶನಕ್ಕೆ ಬೇಕಾದಷ್ಟು ಹೊತ್ತಿದೆ. ಸರ್ಪಸಂಸ್ಕಾರ ಮಾಡಿಸುವವರ ಲೆಕ್ಕವೇ ಬೇರೆ, ಅದಕ್ಕೆ ಎರಡು ದಿನ ಬೇಕು. ಅದನ್ನು ಈ ಪ್ರವಾಸದೊಳಗೆ ತುರುಕಬೇಡಿ.

ಮೂರನೆಯ ದಿನದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಶಿವಮೊಗ್ಗದಿಂದ ನಿಮ್ಮೂರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಊರು ಬಿಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಅದಕ್ಕೆ ಎರಡು ಗಂಟೆ ಮೊದಲೇ ಶಿವಮೊಗ್ಗದಲ್ಲಿರಬೇಕೆಂದು ಇಟ್ಟುಕೊಂಡು ಹಿಂದಕ್ಕೆ ಎಣಿಸಿದರೆ, ಕುಕ್ಕೆಯಿಂದ ಬೆಳಗಿನ ಮೊದಲ ಬಸ್ಸುಗಳಲ್ಲೇ ಹೊರಡಬೇಕಾಗುತ್ತದೆ. ಧರ್ಮಸ್ಥಳದ ಮೇಲೆ ಚಾರ್ಮಾಡಿ ಹತ್ತಿ, ಮೂಡಿಗೆರೆ, ಚಿಕ್ಕಮಗಳೂರಿನಿಂದ ಬರುವ ದಾರಿ ಇದು. ನಡುವೆ ಬಸ್ಸು ಬದಲಿಸಬೇಕಾದೀತು. ಸೊರಬಕ್ಕೆ ಇನ್ನೂ ದೂರ, ಕೊನೆಯ ಬಸ್ಸು ತಪ್ಪಿದರೆ ಶಿವಮೊಗ್ಗದಲ್ಲಿ ಉಳಿಯುವ ನೆಂಟರ ಮನೆಯೊಂದನ್ನು ಮೊದಲೇ ಗೊತ್ತುಮಾಡಿಕೊಂಡಿರಿ.

ಯಾವಾಗ ಹೋಗಬೇಕು? ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಝರಿಗಳು ಚೆಂದ, ಗುಡ್ಡ ಕುಸಿಯುವುದೂ ಆಗಲೇ. 2018ರ ಆಗಸ್ಟಿನಲ್ಲೂ 2024ರ ಜುಲೈಯಲ್ಲೂ ಹಳಿಯ ಮೇಲೆ ಮಣ್ಣು ಬಿದ್ದು ಗಾಡಿಗಳೇ ನಿಂತಿದ್ದವು. ಗೌರಿ–ಗಣೇಶ ಮುಗಿದು ಭೂಮಿ ಹುಣ್ಣಿಮೆ ಬರುವುದರೊಳಗಿನ ದಿನಗಳು ನಮಗೆ ಹೇಳಿ ಮಾಡಿಸಿದಂತಿವೆ. ನಾಟಿ ಮುಗಿದಿರುತ್ತದೆ, ಅಡಿಕೆ ಕೊಯ್ಲಿನ ಗಡಿಬಿಡಿ ಇನ್ನೂ ಹತ್ತಿಕೊಂಡಿರುವುದಿಲ್ಲ, ಘಟ್ಟದ ಹಸಿರೂ ಆರಿರುವುದಿಲ್ಲ. ಚಂಪಾ ಷಷ್ಠಿಯ ಸುತ್ತಮುತ್ತ ಮಾತ್ರ ಬೇಡ, ಕುಕ್ಕೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಬುತ್ತಿಗೆ ಖಾರದ ಚಪಾತಿ ಸಾಕು. ನಾಲ್ಕು ಲೋಟ ಗೋಧಿಹಿಟ್ಟಿಗೆ ಒಂದು ಲೋಟ ಸಣ್ಣಗೆ ಹೆಚ್ಚಿದ ಮೆಂತ್ಯಸೊಪ್ಪು. ಸೊಪ್ಪನ್ನು ಎಣ್ಣೆಯಲ್ಲಿ ನೀರಿನ ಪಸೆ ಆರುವವರೆಗೆ ಬಾಡಿಸಿಯೇ ಹಾಕಬೇಕು, ಹಸಿಯಾಗಿ ಹಾಕಿದರೆ ಮರುದಿನಕ್ಕೆ ಕೆಡುತ್ತದೆ. ಅಚ್ಚಖಾರದ ಪುಡಿ, ಓಮ, ಅರಿಶಿನ, ಉಪ್ಪು, ಎರಡು ಚಮಚ ಕಾದ ಎಣ್ಣೆ ಸೇರಿಸಿ ಬಿಸಿನೀರಿನಲ್ಲಿ ಕಲಸಿ, ತೆಳ್ಳಗೆ ಲಟ್ಟಿಸಿ ಎರಡೂ ಕಡೆ ಒಣಗಿದಂತೆ ಬೇಯಿಸಿ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ. ಜೊತೆಗೆ ಶೇಂಗಾ ಚಟ್ನಿಪುಡಿ ಇರಲಿ, ಕಾಯಿಚಟ್ನಿ ಬೇಡ.

ಟಿಕೆಟನ್ನು ಪ್ರಯಾಣಕ್ಕೆ 60 ದಿನ ಮೊದಲಿನಿಂದ ಕಾದಿರಿಸಬಹುದು. 2024ರ ನವೆಂಬರಿಗೆ ಮೊದಲು ಇದು 120 ದಿನವಿತ್ತು. ಹಗಲು ಪ್ರಯಾಣಕ್ಕೆ ಮಲಗುವ ಬರ್ತ್ ಬೇಕಿಲ್ಲ, ಕೂರುವ ಸೀಟು ಸಾಕು. ಮಾಡಿಸುವಾಗಲೇ ಕಿಟಕಿಯ ಪಕ್ಕದ್ದು ಕೇಳಿ. ಸಿಕ್ಕಿತೋ, ಅದನ್ನು ಮನೆಯವರ ಪೇಪರಿಗೋ ಮಕ್ಕಳ ಮೊಬೈಲಿಗೋ ಬಿಟ್ಟುಕೊಡದೆ, ದೋಣಿಗಾಲಿನಿಂದ ಸುಬ್ರಹ್ಮಣ್ಯ ರೋಡಿನವರೆಗೆ ನೀವೇ ಕೂತುಕೊಳ್ಳಿ. ಅವರಿಗೆ ಕಾಫಿ ಬೇಕಾದರೆ ಫ್ಲಾಸ್ಕು ಸೀಟಿನ ಕೆಳಗಿದೆ.