ಈ ಕೋಟೆಗೆ ದುಡ್ಡು ಕೊಟ್ಟವರು ಯಾರು?

ವಿಯೆನ್ನಾದಿಂದ ಪಶ್ಚಿಮದ ಕಡೆ ರೈಲು ಹಿಡಿದರೆ ಒಂದು ಗಂಟೆಯ ಆಸುಪಾಸಿನಲ್ಲಿ ಮೆಲ್ಕ್ ಸಿಗುತ್ತದೆ. ಊರಿನ ಹೆಂಚಿನ ಮಾಡುಗಳ ಮೇಲೆ, ಬಂಡೆಯೊಂದರ ನೆತ್ತಿಯಲ್ಲಿ, ಹಳದಿ ಬಣ್ಣದ ಭಾರಿ ಕಟ್ಟಡ ನಿಂತಿದೆ. ಅರಮನೆಯೇ ಇರಬೇಕು ಅನ್ನಿಸುತ್ತದೆ; ಅದು ಬೆನೆಡಿಕ್ಟೈನ್ ಸನ್ಯಾಸಿಗಳ ಮಠ. ಇಲ್ಲಿಂದ ಕ್ರೆಮ್ಸ್ ಪಟ್ಟಣದವರೆಗೆ ಸುಮಾರು 35 ಕಿ.ಮೀ. ಉದ್ದದ ಡ್ಯಾನ್ಯೂಬ್ ಕಣಿವೆಗೆ ವಾಖೌ ಎಂದು ಹೆಸರು. ಮಠ, ಪಾಳುಕೋಟೆ, ದ್ರಾಕ್ಷಿತೋಟಗಳ ನಡುವಿನ ಪುಟ್ಟ ಊರುಗಳು ಒಂದರ ಪಕ್ಕ ಒಂದಿರುವ ಈ ಕಣಿವೆ 2000ದಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿತು.

ಇಂಥ ಕಡೆ ಹೋದವರು ಯಾರು ಕಟ್ಟಿಸಿದರು, ಯಾವ ಶತಮಾನ ಎಂದು ಕೇಳಿ ಮುಂದೆ ನಡೆಯುತ್ತಾರೆ. ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ಕಥೆ ಇನ್ನೂ ರಂಗೇರುತ್ತದೆ.

ಡ್ಯೂರ್ನ್‌ಸ್ಟೈನ್ ಅದಕ್ಕೆ ಒಳ್ಳೆಯ ಉದಾಹರಣೆ. ಸಾವಿರ ಜನರೂ ಇಲ್ಲದ ಈ ಊರಿನಿಂದ ಅರ್ಧ ಗಂಟೆ ಕಡಿದಾದ ಹಾದಿ ಹತ್ತಿದರೆ, ಇಂಗ್ಲೆಂಡಿನ ದೊರೆ ಸಿಂಹಹೃದಯದ ರಿಚರ್ಡ್ ಸೆರೆಯಲ್ಲಿದ್ದ ಕೋಟೆ. 1191ರಲ್ಲಿ, ಮೂರನೇ ಕ್ರೂಸೇಡ್ ಯುದ್ಧದಲ್ಲಿ ಏಕರ್ ಪಟ್ಟಣ ಕೈವಶವಾದಾಗ, ಆಸ್ಟ್ರಿಯಾದ ಡ್ಯೂಕ್ ಐದನೇ ಲಿಯೋಪೋಲ್ಡ್‌ನ ಧ್ವಜವನ್ನು ರಿಚರ್ಡ್‌ನ ಕಡೆಯವರು ಕೋಟೆಗೋಡೆಯಿಂದ ಕಿತ್ತೆಸೆದಿದ್ದರು. ಮರುವರ್ಷ ಡಿಸೆಂಬರಿನಲ್ಲಿ ಅದೇ ರಿಚರ್ಡ್, ವೇಷ ಮರೆಸಿಕೊಂಡು ಊರಿಗೆ ಮರಳುವಾಗ, ವಿಯೆನ್ನಾ ಬಳಿ ಲಿಯೋಪೋಲ್ಡ್‌ನ ಆಳುಗಳಿಗೆ ಸಿಕ್ಕಿಬಿದ್ದ. ಮುಂದೆ ಅವನು ಚಕ್ರವರ್ತಿ ಆರನೇ ಹೆನ್ರಿಯ ವಶಕ್ಕೆ ಹೋದ. 1194ರಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಇಂಗ್ಲೆಂಡ್ ತೆತ್ತದ್ದು 1,00,000 ಮಾರ್ಕ್ ತೂಕದ ಬೆಳ್ಳಿ. ಜನರ ಆದಾಯದಲ್ಲಿ ಕಾಲು ಪಾಲು ತೆರಿಗೆಯಾಯಿತು; ಚರ್ಚುಗಳ ಬೆಳ್ಳಿ ಪಾತ್ರೆಗಳು ಹೋದವು; ಸಿಸ್ಟರ್ಸಿಯನ್ ಮಠಗಳು ಆ ವರ್ಷದ ಉಣ್ಣೆಯನ್ನೇ ಒಪ್ಪಿಸಿದವು. ಲಿಯೋಪೋಲ್ಡ್ ತನ್ನ ಪಾಲಿನಲ್ಲಿ ವೀನರ್ ನಾಯ್‌ಸ್ಟಾಟ್ ಎಂಬ ಹೊಸ ಊರು ಕಟ್ಟಿಸಿದ, ವಿಯೆನ್ನಾದ ಗೋಡೆ ವಿಸ್ತರಿಸಿದ. ಇಂಗ್ಲೆಂಡಿನ ಕುರಿಗಳ ಉಣ್ಣೆ ಆಸ್ಟ್ರಿಯಾದ ಕೋಟೆಗೋಡೆಯಾದದ್ದು ಹೀಗೆ! ಬ್ಲಾಂಡೆಲ್ ಎಂಬ ಗಾಯಕ ಕೋಟೆಕೋಟೆಗೂ ಹೋಗಿ ಹಾಡುತ್ತಾ ದೊರೆಯನ್ನು ಪತ್ತೆ ಹಚ್ಚಿದನಂತೆ. ಕೇಳಲು ಚೆನ್ನ, ಅಷ್ಟೇ. 1645ರಲ್ಲಿ ಸ್ವೀಡನ್ನಿನ ಸೈನ್ಯದ ಕೈಯಲ್ಲಿ ಹಾಳಾದ ಕೋಟೆಯಲ್ಲಿ ಈಗಿರುವುದು ಮುರುಕು ಗೋಡೆಗಳು, ಕೆಳಗೆ ನದಿ.

ಆಚೆ ದಂಡೆಯ ಆಗ್‌ಸ್ಟೈನ್ ಕೋಟೆಯದು ಸುಂಕದ ದುಡ್ಡು. ಹೊಳೆಯಲ್ಲಿ ಹೋಗುವ ದೋಣಿಗಳೇ ಅದಕ್ಕೆ ಆಧಾರ.

ಮೆಲ್ಕ್ ಮಠಕ್ಕೆ ಜಮೀನು, ದ್ರಾಕ್ಷಿತೋಟ, ಒಕ್ಕಲುಗಳ ಗೇಣಿ. 1089ರಿಂದ ಸನ್ಯಾಸಿಗಳು ಇಲ್ಲಿದ್ದಾರೆ. ಈಗಿನ ಕಟ್ಟಡ 1702ರಿಂದ 1736ರವರೆಗೆ ಎದ್ದದ್ದು, ವಾಸ್ತುಶಿಲ್ಪಿ ಯಾಕೋಬ್ ಪ್ರಾಂಟೌವರ್. ಚಕ್ರವರ್ತಿಯ ಪರಿವಾರ ಬಂದರೆ ಇಳಿದುಕೊಳ್ಳಲೆಂದು ಮಾಡಿದ ಕೋಣೆಗಳ ಮುಂದಿನ ಪಡಸಾಲೆಯೇ 196 ಮೀಟರ್ ಉದ್ದ. ಗ್ರಂಥಾಲಯದಲ್ಲಿ ಸುಮಾರು 1,00,000 ಪುಸ್ತಕಗಳು. ಎಲ್ಲರೂ ಅವುಗಳ ಚಿನ್ನದ ಬೆನ್ನು ನೋಡಿ ಮೈಮರೆಯುತ್ತಾರೆ. ಆದರೆ ತಪ್ಪಿಸಿಕೊಳ್ಳಬಾರದ್ದು ಮಠದ ಮ್ಯೂಸಿಯಮ್ಮಿನಲ್ಲಿರುವ ಒಂದು ಮರದ ಶವಪೆಟ್ಟಿಗೆ. ಅದರ ತಳಕ್ಕೆ ಕದವಿದೆ. ಗುಂಡಿಯ ಮೇಲಿಟ್ಟು ತೆರೆದರೆ ಶವ ಕೆಳಗಿಳಿಯುತ್ತದೆ, ಪೆಟ್ಟಿಗೆ ಮುಂದಿನವರಿಗೆ ಸಿದ್ಧ. ಮರ ಉಳಿಸಬೇಕೆಂದು ಚಕ್ರವರ್ತಿ ಎರಡನೇ ಜೋಸೆಫ್ 1784ರಲ್ಲಿ ತಂದ ಏರ್ಪಾಡು ಇದು. ಜನ ರೊಚ್ಚಿಗೆದ್ದರು, ಆಜ್ಞೆ ಬೇಗನೇ ವಾಪಸಾಯಿತು. ಉಪಯೋಗಕ್ಕಿಲ್ಲವೆಂದು ನೂರಾರು ಮಠಗಳನ್ನು ಮುಚ್ಚಿಸಿದವನೂ ಇವನೇ. ಡ್ಯೂರ್ನ್‌ಸ್ಟೈನಿನ ಮಠಕ್ಕೆ 1788ರಲ್ಲಿ ಬೀಗ ಬಿತ್ತು. ಮೆಲ್ಕ್ ಉಳಿದದ್ದು ಅಲ್ಲಿನ ಶಾಲೆ, ವಿದ್ವತ್ತಿನ ಬಲದಿಂದ. ಶಾಲೆ ಇಂದಿಗೂ ನಡೆಯುತ್ತಿದೆ.

ಮೆಲ್ಕ್, ಕ್ರೆಮ್ಸ್ ನಡುವೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರಯಾಣಿಕರ ಹಡಗುಗಳಿವೆ. ಹೊಳೆ ಹರಿಯುವ ದಿಕ್ಕಿಗೇ ಹೋಗುವುದು ಜಾಣತನ. ಎದುರು ಪ್ರವಾಹದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಸಮಯ ಹಿಡಿಯುತ್ತದೆ. ಸ್ಪಿಟ್ಸ್ ಎಂಬಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಹಗ್ಗಕ್ಕೆ ಜೋಡಿಸಿದ ದೋಣಿಯೊಂದು ಎಂಜಿನ್ನಿಲ್ಲದೆ, ನೀರಿನ ಸೆಳೆತದಿಂದಲೇ ಕಾರು, ಸೈಕಲ್ಲುಗಳನ್ನು ದಾಟಿಸುತ್ತದೆ. ಮಧ್ಯಾಹ್ನದ ಹೊತ್ತು ಹಡಗುಗಳಿಂದ ಇಳಿದವರ ಗದ್ದಲಕ್ಕೆ ಡ್ಯೂರ್ನ್‌ಸ್ಟೈನಿನ ಮುಖ್ಯ ಬೀದಿ ಸಾಲದು. ರಾತ್ರಿ ಅಲ್ಲೇ ಉಳಿದವರಿಗೆ ಊರು ಸಿಗುತ್ತದೆ.

ಉಳಿದವರು ಊಟಕ್ಕೆ ಬೋರ್ಡು ಹುಡುಕುವುದಕ್ಕಿಂತ ಬಾಗಿಲುಗಳನ್ನು ನೋಡಬೇಕು. ಹಸಿರು ಕೊಂಬೆಯ ಕಟ್ಟೊಂದು ನೇತಾಡುತ್ತಿದ್ದರೆ, ಆ ಮನೆಯ ದ್ರಾಕ್ಷಿ ಬೆಳೆಗಾರ ಅಂದು ಅಂಗಳದಲ್ಲೇ ಮೇಜು ಹಾಕಿ ತನ್ನ ವೈನ್, ಜೊತೆಗೆ ಬ್ರೆಡ್ಡು, ತಣ್ಣನೆಯ ಮಾಂಸ, ಚೀಸು ಮಾರುತ್ತಿದ್ದಾನೆಂದು ಅರ್ಥ. ಸ್ವಂತ ವೈನನ್ನು ಹೀಗೆ ಮನೆಯಲ್ಲೇ ಮಾರಬಹುದೆಂದು ಅಪ್ಪಣೆ ಕೊಟ್ಟವನು ಶವಪೆಟ್ಟಿಗೆಯ ಅದೇ ಜೋಸೆಫ್, ಅದೇ 1784ರಲ್ಲಿ. ಈ ಆಜ್ಞೆಗೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ.